ಕಿಟ್ಟೆಲ್ ಎಂಬ ನಿಲುವಂಗಿ

ಕನ್ನಡ ನಾಡಿನ ಪುಸ್ತಕ ಭಂಡಾರಗಳಲ್ಲಿ “ಕಿಟ್ಟೆಲನ್ನು ಸ್ವಲ್ಪ ತೆಗೆದುಕೊಡಿ” ಎಂಬ ಮಾತು ಕೇಳಿಬಂದರೆ ಯಾರೂ ಬೆರಗಾಗುವುದಿಲ್ಲ. ಎರಡು ಕೈಗಳಿಂದ ಎತ್ತಬೇಕಾದ ದಪ್ಪನೆಯ ಗ್ರಂಥವೊಂದು ಮೇಜಿನ ಮೇಲೆ ಬಂದು ಕೂಡುತ್ತದೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರು ಪ್ರಕಟಿಸಿದ ಕನ್ನಡ–ಇಂಗ್ಲಿಷ್ ನಿಘಂಟು ಅದು. ಸುಮಾರು 70,000 ಶಬ್ದಗಳು. ಒಂದೊಂದರ ಬಳಿಯೂ ಅದು ದೇಶ್ಯವೋ ಸಂಸ್ಕೃತದಿಂದ ಬಂದುದೋ, ತಮಿಳು ತೆಲುಗು ಮಲೆಯಾಳ ತುಳುಗಳಲ್ಲಿ ಅದರ ಒಡಹುಟ್ಟುಗಳು ಉಂಟೋ ಇಲ್ಲವೋ, ಯಾವ ಗಾದೆಯಲ್ಲಿ ಅದು ಬಳಕೆಯಾಗಿದೆ ಎಂಬ ವಿಚಾರಣೆ. ಇಷ್ಟೊಂದು ಶಬ್ದಗಳ ಕುಲಗೋತ್ರವನ್ನು ಕೇಳಿ ತಿಳಿಸುವ ಆ ಗ್ರಂಥದಲ್ಲಿ, ಅದರ ಮುಖಪತ್ರದ ಮೇಲೆಯೇ ಅಚ್ಚಾಗಿರುವ ಒಂದು ಶಬ್ದಕ್ಕೆ ಮಾತ್ರ ಅರ್ಥ ದೊರೆಯದು. ಅದು ಗ್ರಂಥಕರ್ತರ ಹೆಸರು.

‘ಕಿಟ್ಟೆಲ್’ ಎಂದರೆ ಏನು? ಕನ್ನಡ ಕಿವಿಗೆ ಅದು ನೆರೆಮನೆಯ ಹೆಸರಿನಂತೆಯೇ ಕೇಳಿಸುತ್ತದೆ. ಕೃಷ್ಣನು ಮನೆಯವರ ಬಾಯಲ್ಲಿ ಕಿಟ್ಟನಾಗಿ, ಕಿಟ್ಟುವಾಗಿ, ಕಿಟ್ಟಣ್ಣನಾಗಿ ಓಡಾಡುವ ನಾಡು ಇದು. ಇನ್ನೊಂದು ಕಿಟ್ಟವೂ ಉಂಟು. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣದಿಂದ ಬೇರೆಯಾಗಿ ಉಳಿಯುವ ಕೊಳೆ. ಎರಡಕ್ಕೂ ಜರ್ಮನ್ ಪಾದ್ರಿಯ ಹೆಸರಿಗೂ ಯಾವ ನಂಟೂ ಇಲ್ಲ. ದನಿ ಹೋಲಿತೆಂದು ಮೂಲವನ್ನು ಕಟ್ಟುವ ಹವ್ಯಾಸ ಪಂಡಿತರಿಗೂ ಪಾಮರರಿಗೂ ಸಮಾನವಾದ ಚಪಲ. ಇಂಗ್ಲಿಷ್ ಬಲ್ಲವರು ಒಡನೆಯೇ ಚಹಾ ಕಾಯಿಸುವ ‘ಕೆಟಲ್’ ಅನ್ನು ನೆನೆಯಬಹುದು. ಆ ಪಾತ್ರೆಗೆ ಜರ್ಮನರು ಹೇಳುವ ಶಬ್ದ ‘ಕೆಸೆಲ್’. ಅದೂ ಇಲ್ಲಿ ಸಲ್ಲದು.

ಜರ್ಮನ್ ಭಾಷೆಯಲ್ಲಿ ‘ಕಿಟ್ಟೆಲ್’ ಎಂಬುದು ಇಂದಿಗೂ ಬೀದಿಯ ಮಾತು. ಉಳಿದ ಉಡುಪಿನ ಮೇಲೆ, ಅದು ಕೊಳೆಯಾಗದಿರಲೆಂದು ತೊಡುವ ಸಡಿಲವಾದ ನಿಲುವಂಗಿಗೆ ಆ ಹೆಸರು. ಆಸ್ಪತ್ರೆಯ ವೈದ್ಯರ ಬಿಳಿಯ ಮೇಲಂಗಿ ಕಿಟ್ಟೆಲ್. ಪ್ರಯೋಗಶಾಲೆಯ ರಸಾಯನಜ್ಞನದೂ ಕಿಟ್ಟೆಲ್. ಕಾರ್ಖಾನೆಯ ಕೆಲಸಗಾರನದೂ ಕಿಟ್ಟೆಲ್. ಹಿಂದಿನ ಕಾಲದಲ್ಲಿ ಸರಕಿನ ಬಂಡಿಗಳನ್ನು ಊರಿಂದೂರಿಗೆ ಹೊಡೆಯುತ್ತಿದ್ದ ಬಂಡಿಕಾರರು ಒರಟು ನಾರುಬಟ್ಟೆಯ ನೀಲಿ ಕಿಟ್ಟೆಲುಗಳನ್ನು ತೊಡುತ್ತಿದ್ದರು. ದಕ್ಷಿಣದ ಬವೇರಿಯ ಮತ್ತು ಆಸ್ಟ್ರಿಯಗಳಿಗೆ ಹೋದರೆ ಇದೇ ಶಬ್ದ ಹೆಂಗಸರ ಲಂಗಕ್ಕೆ ಸಲ್ಲುತ್ತದೆ. ಅಲ್ಲಿ ತಾಯಿಯನ್ನು ಬಿಟ್ಟಿರಲಾರದ ಮಗುವನ್ನು ‘ಕಿಟ್ಟೆಲಿನ ಮಡಿಕೆಗೆ ಜೋತುಬಿದ್ದ ಮಗು’ ಎನ್ನುವುದುಂಟು. ಸೆರಗು ಹಿಡಿದು ತಿರುಗುವ ಮಗು ಎಂದು ನಮ್ಮ ಮನೆಗಳಲ್ಲಿ ಹೇಳುವ ಮಾತಿಗೂ ಇದಕ್ಕೂ ಬಟ್ಟೆಯ ಅಂಚಿನಷ್ಟೇ ವ್ಯತ್ಯಾಸ.

ಅಂಗಿಯ ಹೆಸರು ಮನುಷ್ಯನಿಗೆ ಬಂದ ಬಗೆಯನ್ನು ತಿಳಿಯಬೇಕಾದರೆ ಯೂರೋಪಿನ ಹಳೆಯ ಊರುಗಳಿಗೆ ಹೋಗಬೇಕು. ಬಹುಕಾಲ ಜರ್ಮನರಿಗೆ ಒಂದೇ ಹೆಸರು. ಹಾನ್ಸ್, ಪೀಟರ್, ಕೊನ್ರಾಡ್, ಇಷ್ಟೇ. ಹತ್ತು ಮನೆಯ ಹಳ್ಳಿಗೆ ಅದು ಸಾಕು. ಹನ್ನೆರಡನೆಯ ಶತಮಾನದಿಂದೀಚೆಗೆ ಪಟ್ಟಣಗಳು ಬೆಳೆದು, ತೆರಿಗೆಯ ಪಟ್ಟಿ, ಆಸ್ತಿಯ ಪತ್ರ, ಸಾಲದ ಲೆಕ್ಕಗಳು ಹೆಚ್ಚಿದಾಗ ಒಂದೇ ಬೀದಿಯಲ್ಲಿ ಐವರು ಹಾನ್ಸರಿದ್ದರೆ ಗುಮಾಸ್ತನು ಏನು ಮಾಡಬೇಕು? ಹಿಟ್ಟಿನ ಗಿರಣಿಯವನನ್ನು ಮ್ಯುಲ್ಲರ್ ಎಂದು ಬರೆದುಕೊಂಡ. ಕಮ್ಮಾರನನ್ನು ಷ್ಮಿಟ್ ಎಂದು, ದರ್ಜಿಯನ್ನು ಷ್ನೈಡರ್ ಎಂದು, ಬೇರೆ ಊರಿಂದ ಬಂದವನನ್ನು ಆ ಊರಿನ ಹೆಸರಿನಿಂದ, ಕುಳ್ಳನನ್ನು ಕ್ಲೈನ್ ಎಂದು, ಕಪ್ಪು ಕೂದಲಿನವನನ್ನು ಷ್ವಾರ್ಟ್ಸ್ ಎಂದು. ಋಗ್ವೇದವನ್ನು ಸಂಪಾದಿಸಿ ಪ್ರಸಿದ್ಧರಾದ ಮ್ಯಾಕ್ಸ್ ಮುಲ್ಲರರ ಮನೆತನದ ಹೆಸರಿನಲ್ಲಿ ಇಂಥ ಯಾವುದೋ ಹಳೆಯ ಗಿರಣಿಯ ಸದ್ದು ಅಡಗಿದೆ. ಜರ್ಮನಿಯಲ್ಲಿ ಅತ್ಯಂತ ಹೆಚ್ಚು ಮಂದಿಗಿರುವ ಅಡ್ಡಹೆಸರು ಇಂದಿಗೂ ಅದೇ.

ಕಿಟ್ಟೆಲ್ ಎಂಬುದು ಇವುಗಳಲ್ಲಿ ಎರಡು ಗುಂಪುಗಳಿಗೆ ಸೇರಬಲ್ಲ ಹೆಸರು. ಅಂಥ ಅಂಗಿಗಳನ್ನು ಹೊಲಿದು ಮಾರುತ್ತಿದ್ದವನಿಗೆ ಅದು ಕಸುಬಿನಿಂದ ಬಂದಿರಬಹುದು. ಊರಿನಲ್ಲಿ ಎದ್ದು ಕಾಣುವಂತೆ ಅದನ್ನೇ ತೊಟ್ಟು ತಿರುಗುತ್ತಿದ್ದವನಿಗೆ ಅಡ್ಡಹೆಸರಾಗಿ ಅಂಟಿರಬಹುದು. ಎರಡನೆಯದು ಹೆಚ್ಚು ಸ್ವಾರಸ್ಯದ ಬಗೆ. ಉಡುಪನ್ನು ಹೇಳಿ ಉಟ್ಟವನನ್ನು ಸೂಚಿಸುವುದು ನಮ್ಮ ಆಲಂಕಾರಿಕರಿಗೆ ಹೊಸತಲ್ಲ. ಈಟಿಗಳು ಒಳಹೊಕ್ಕವು ಎಂದರೆ ಈಟಿ ಹಿಡಿದವರು ಒಳಹೊಕ್ಕರು ಎಂದು ತಿಳಿಯಬೇಕೆಂಬುದು ಲಕ್ಷಣಾರ್ಥಕ್ಕೆ ಅವರು ಕೊಡುವ ಉದಾಹರಣೆ. ಖಾಕಿ ಬಂತು ಎಂದರೆ ಪೋಲೀಸಿನವರೆಂದೂ, ಕರಿಕೋಟು ಎಂದರೆ ವಕೀಲರೆಂದೂ ಪೇಟೆಯ ಹುಡುಗರೂ ಬಲ್ಲರು. ಜರ್ಮನರು ಈ ಲಕ್ಷಣಾರ್ಥವನ್ನು ವಂಶಪಾರಂಪರ್ಯದ ಸ್ವತ್ತಾಗಿ ಮಾಡಿಬಿಟ್ಟರು. ಹಾಂಡ್‌ಷೂ, ಎಂದರೆ ಕೈಗವಸು. ಮಾಂಟೆಲ್, ಎಂದರೆ ಮೇಲುಹೊದಿಕೆ. ಪೆಲ್ಟ್ಸ್, ಎಂದರೆ ತುಪ್ಪುಳಿನ ತೊಗಲು. ರೋಟರ್ಮೆಲ್, ಎಂದರೆ ಕೆಂಪು ತೋಳಿನ ಅಂಗಿ: ಇವೆಲ್ಲವೂ ಮನೆತನದ ಹೆಸರುಗಳೇ.

ಇಂಥ ಹೆಸರು ಹುಟ್ಟಿದ ಗಳಿಗೆಯೇ ದಾಖಲೆಗೆ ಸಿಕ್ಕಿರುವುದು ಬಹಳ ಅಪರೂಪ. ಅಂಥ ಒಂದು ಪ್ರಸಂಗ 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ನಡೆಯಿತು. ಮತಸುಧಾರಣೆಯ ಬಿರುಗಾಳಿಯ ಕಾಲ. ದೀಕ್ಷಾಸ್ನಾನದ ಬಗೆಗೆ ನಡೆದ ವಾದಸಭೆಯಲ್ಲಿ ಜಾರ್ಜ್ ಎಂಬುವನು ಮಾತನಾಡಿದ. ಅವನ ನಿಜವಾದ ಮನೆತನದ ಹೆಸರು ಕಾಯಾಕೊಬ್. ನೆರೆದವರಿಗೆ ಆತನ ಹೆಸರು ತಿಳಿಯದು. ಮೈಮೇಲೆ ನೀಲಿ ಅಂಗಿಯಿತ್ತು. ‘ಆ ಬ್ಲೌರಾಕ್’, ಆ ನೀಲಿ ಅಂಗಿಯವನು, ಎಂದು ಯಾರೋ ಕರೆದರು. ಅಂದಿನಿಂದ ಆತ ಜಾರ್ಜ್ ಬ್ಲೌರಾಕ್. 1529ರಲ್ಲಿ ಟಿರೋಲ್ ಸೀಮೆಯಲ್ಲಿ ಮತದ್ರೋಹಿಯೆಂದು ಅವನನ್ನು ಸುಟ್ಟು ಕೊಂದರು. ಆತ ತೊಟ್ಟ ಅಂಗಿಯ ಹೆಸರಿನಿಂದಲೇ ಚರಿತ್ರೆ ಆತನನ್ನು ಇಂದಿಗೂ ಬಲ್ಲದು.

ಧಾರವಾಡದ ಕಡೆಯ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಕ್ಕಿ ಎಂಬ ಅಡ್ಡಹೆಸರಿನ ಮನೆತನಗಳು ಅಲ್ಲಿ ಗೌರವದಿಂದ ಬಾಳುತ್ತಿವೆ. ಅಜ್ಜ ಮಾರಿದ ಸರಕು ಮೊಮ್ಮಗನ ಹೆಸರಾಗಿದೆ. ಮೊಮ್ಮಗನು ವೈದ್ಯನಾಗಲಿ ನ್ಯಾಯಾಧೀಶನಾಗಲಿ, ಮೆಣಸಿನಕಾಯಿ ಅವನನ್ನು ಬಿಡದು. ಅಡ್ಡಹೆಸರಿನ ವಿಚಿತ್ರವಿರುವುದೇ ಇಲ್ಲಿ. ಮೊದಲನೆಯವನಿಗೆ ಅದು ವರ್ಣನೆ. ಮಗನಿಗೆ ಅದು ಬರಿಯ ಗುರುತು. ಕಿಟ್ಟೆಲ್ ತೊಟ್ಟ ತಂದೆಯ ಮಗ ರೇಷ್ಮೆಯನ್ನು ಉಟ್ಟಾಗಲೂ ಕಿಟ್ಟೆಲನೇ.

ಕನ್ನಡಿಗರ ಕಿಟ್ಟೆಲರು ಹುಟ್ಟಿದ ಸೀಮೆಯಲ್ಲಿ ಮಾತ್ರ ಈ ಪದ್ಧತಿ ಬಹಳ ತಡವಾಗಿ ಬೇರೂರಿತು. 1832ರಲ್ಲಿ ಅವರು ಹುಟ್ಟಿದ ರೆಸ್ಟರ್‌ಹಾಫೆ ಗ್ರಾಮವು ಜರ್ಮನಿಯ ವಾಯವ್ಯ ಮೂಲೆಯಲ್ಲಿ, ಉತ್ತರ ಸಮುದ್ರದ ದಂಡೆಗೆ ಸಮೀಪದಲ್ಲಿ, ಪೂರ್ವ ಫ್ರೀಸ್‌ಲಂಡ್ ಎಂಬ ತಗ್ಗಿನ ನಾಡಿನಲ್ಲಿದೆ. ಅಲ್ಲಿಯ ರೈತರು ತಲೆಮಾರಿನಿಂದ ತಲೆಮಾರಿಗೆ ತಂದೆಯ ಹೆಸರನ್ನು ಸೇರಿಸಿಕೊಳ್ಳುತ್ತಿದ್ದರೇ ಹೊರತು ನಿಂತ ಮನೆತನದ ಹೆಸರೊಂದನ್ನು ಇಟ್ಟುಕೊಂಡಿರಲಿಲ್ಲ. ಯಾನನ ಮಗ ಹಾರ್ಮ್ ಎಂಬುವನು ಹಾರ್ಮ್ ಯಾನ್ಸೆನ್ ಆಗುತ್ತಿದ್ದ. ಅವನ ಮಗನಿಗೆ ಯಾನ್ ಎಂದು ಹೆಸರಿಟ್ಟರೆ ಅವನು ಯಾನ್ ಹಾರ್ಮ್ಸ್. ಅಪ್ಪ ಮಗ ಇಬ್ಬರ ಹೆಸರುಗಳೂ ಕನ್ನಡಿಯಲ್ಲಿ ತಿರುಗಿಸಿ ಇಟ್ಟಂತೆ. ತಂದೆಯ ಹೆಸರಿನ ಮೊದಲ ಅಕ್ಷರವನ್ನು ಮುಂದಿಟ್ಟುಕೊಳ್ಳುವ ಹಳೆಯ ಮೈಸೂರಿನವರಿಗೆ ಇದು ಅಪರಿಚಿತವೆನಿಸದು. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಮನೆತನದ ಹೆಸರಿನ ಖಾನೆಗೆ ಏನು ತುಂಬಬೇಕೆಂದು ತಿಳಿಯದೆ ತೊಳಲಿದವರಿಗಂತೂ ಆ ರೈತರ ಪಾಡು ಚೆನ್ನಾಗಿ ಅರ್ಥವಾದೀತು.

ಆ ನಾಡು ನೆಪೋಲಿಯನ್ನನ ಸಾಮ್ರಾಜ್ಯಕ್ಕೆ ಸೇರಿದ್ದ 1811ರಲ್ಲಿ ಪ್ರತಿಯೊಂದು ಕುಟುಂಬವೂ ಶಾಶ್ವತವಾದ ಹೆಸರೊಂದನ್ನು ಆರಿಸಿ ಬರೆಯಿಸತಕ್ಕದ್ದೆಂದು ಆಜ್ಞೆಯಾಯಿತು. ಸೈನ್ಯಕ್ಕೆ ಜನರನ್ನು ಎಳೆಯುವ ದೊರೆಗೆ ಹೀಗೆ ತಲೆಮಾರಿಗೊಮ್ಮೆ ಬದಲಾಗುವ ಹೆಸರುಗಳು ಒಗ್ಗಲಾರವು. ನೆಪೋಲಿಯನ್ ಹೋದ ಮೇಲೂ ರೈತರು ಹಳೆಯ ರೂಢಿಯನ್ನು ಬೇಗ ಬಿಡಲಿಲ್ಲ. ಯಾನ್ಸೆನ್, ಹಾರ್ಮ್ಸ್ ಎಂಬ ಹೆಸರುಗಳ ನಡುವೆ ಪಾದ್ರಿಯ ಮನೆಯ ‘ಕಿಟ್ಟೆಲ್’ ಬೇರೆಯದೇ ಅಚ್ಚಿನಲ್ಲಿ ಎರಕಹೊಯ್ದ ಹೆಸರು. ಫರ್ಡಿನಾಂಡರ ತಂದೆ ಅಲ್ಲಿಯ ಚರ್ಚಿನ ಪಾದ್ರಿಗಳು. ಈ ಹೆಸರಿನ ಹಳೆಯ ಮನೆತನಗಳು ಮಧ್ಯ ಮತ್ತು ಪೂರ್ವ ಜರ್ಮನಿಯಲ್ಲಿಯೂ ಬೊಹೀಮಿಯದಲ್ಲಿಯೂ ಕಾಣುತ್ತವೆ. ಸಂಗೀತಗಾರ ಬಾಖನ ಕಡೆಯ ಶಿಷ್ಯರಲ್ಲೊಬ್ಬನೆಂದು ಹೆಸರಾದ ಯೋಹಾನ್ ಕ್ರಿಸ್ಟಿಯಾನ್ ಕಿಟ್ಟೆಲ್ 1732ರಲ್ಲಿ ಎರ್‌ಫುರ್ಟ್ ನಗರದಲ್ಲಿ ಹುಟ್ಟಿದವನು. ಆದರೆ ಹೆಸರು ಒಂದೇ ಆದ ಮಾತ್ರಕ್ಕೆ ರಕ್ತ ಒಂದೇ ಎನ್ನಲಾಗದು. ನಿಲುವಂಗಿ ತೊಟ್ಟವರು ಎಷ್ಟು ಊರುಗಳಲ್ಲಿದ್ದರೋ ಅಷ್ಟು ಊರುಗಳಲ್ಲಿ ಈ ಹೆಸರು ಬೇರೆ ಬೇರೆಯಾಗಿ ಹುಟ್ಟಿರಬಲ್ಲದು.

ಇನ್ನು ಶಬ್ದದ ಮೂಲ. ಇಲ್ಲಿ ದಾರಿ ಮಸುಕಾಗುತ್ತದೆ. ಮಧ್ಯಯುಗದ ಜರ್ಮನ್ ಭಾಷೆಯಲ್ಲಿ ‘ಕಿಟೆಲ್’ ಎಂಬ ರೂಪ ದೊರೆಯುತ್ತದೆ. ಗಂಡಸರೂ ಹೆಂಗಸರೂ ತೊಡುತ್ತಿದ್ದ ಹಗುರಾದ ಮೇಲಂಗಿ ಎಂದು ಅರ್ಥ. ಅದರ ಹಿಂದೆ ಏನು? ಕೆಲವರು ಅರಬ್ಬಿಯ ‘ಕುತ್ನ್’ ಎಂಬ ಶಬ್ದವನ್ನು ತೋರಿಸುತ್ತಾರೆ. ಹತ್ತಿ ಎಂದು ಅದರ ಅರ್ಥ. ಇಂಗ್ಲಿಷಿನ ‘ಕಾಟನ್’ ಹುಟ್ಟಿದ್ದು ಅದರಿಂದ. ಜರ್ಮನರ ‘ಕಟೂನ್’ ಎಂಬ ಬಟ್ಟೆಯ ಹೆಸರೂ ಅದರಿಂದಲೇ. ಅರಬ್ಬೀ ವರ್ತಕರ ಸರಕಿನೊಡನೆ ಶಬ್ದವೂ ಆಲ್ಪ್ಸ್ ಪರ್ವತವನ್ನು ದಾಟಿತೆಂಬ ಊಹೆ ಮನಸ್ಸಿಗೆ ಹಿಡಿಸುವಂಥದು. ಆದರೆ ‘ಕು’ ಎಂಬುದು ‘ಕಿ’ ಆದದ್ದು ಹೇಗೆ ಎಂಬ ಪ್ರಶ್ನೆಗೆ ತೃಪ್ತಿಕರವಾದ ಉತ್ತರವಿಲ್ಲ. ಆದುದರಿಂದ ಎಚ್ಚರಿಕೆಯ ನಿಘಂಟುಕಾರರು ಮೂಲ ಅನಿಶ್ಚಿತವೆಂದು ಬರೆದು ಮುಂದೆ ಸಾಗುತ್ತಾರೆ. ಹಿಡಿಸುವ ಊಹೆಗಿಂತ ಅನಿಶ್ಚಿತವೆಂಬ ಒಂದು ಶಬ್ದವನ್ನು ಬರೆಯುವುದಕ್ಕೆ ಹೆಚ್ಚಿನ ಪಾಂಡಿತ್ಯ ಬೇಕು. ಸಾವಿರಾರು ಕನ್ನಡ ಶಬ್ದಗಳಿಗೆ ಬೇರು ಹುಡುಕಿಕೊಟ್ಟವರ ಹೆಸರಿಗೇ ಬೇರು ಸಿಕ್ಕಿಲ್ಲವೆಂಬುದು ಒಂದು ವಿನೋದವೇ ಸರಿ.

ಈ ಶಬ್ದವು ಇನ್ನೊಂದು ಮನೆಯಲ್ಲಿಯೂ ನೆಲೆಸಿತು. ಮಧ್ಯಯುಗದ ಜರ್ಮನ್ ಭಾಷೆಯಿಂದ ಬೆಳೆದ ಯಿಡ್ಡಿಷ್ ಪೂರ್ವ ಮತ್ತು ಮಧ್ಯ ಯೂರೋಪಿನ ಯೆಹೂದ್ಯರ ಮನೆಮಾತು. ಅವರ ಬಾಯಲ್ಲಿ ‘ಕಿಟ್ಟೆಲ್’ ಎಂದರೆ ಬಿಳಿಯ, ಸರಳವಾದ, ಪವಿತ್ರವಾದ ನಿಲುವಂಗಿ. ವರ್ಷಕ್ಕೊಮ್ಮೆ ಪಾಪನಿವೇದನೆಯ ಉಪವಾಸದ ದಿನ ಅದನ್ನು ತೊಟ್ಟು ಪ್ರಾರ್ಥನಾಮಂದಿರದಲ್ಲಿ ನಿಲ್ಲುತ್ತಾರೆ. ಪಸ್ಕ ಹಬ್ಬದ ರಾತ್ರಿ ಮನೆಯ ಹಿರಿಯನು ಅದನ್ನು ತೊಟ್ಟು ಊಟದ ಮೇಜಿನ ತಲೆಯಲ್ಲಿ ಕುಳಿತು, ತಮ್ಮ ಜನ ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ಕಥೆಯನ್ನು ಮಕ್ಕಳಿಗೆ ಹೇಳುತ್ತಾನೆ. ಕೆಲವು ಕಡೆ ಮದುಮಗನೂ ಮದುವೆಯ ಚಪ್ಪರದ ಕೆಳಗೆ ಅದನ್ನೇ ತೊಡುತ್ತಾನೆ. ಕೊನೆಗೆ ಸತ್ತವನಿಗೆ ತೊಡಿಸಿ ಮಣ್ಣುಮಾಡುವುದೂ ಅದರಲ್ಲಿಯೇ. ಶವದ ಉಡುಪಿಗೆ ಜೇಬು ಇಡುವ ಪದ್ಧತಿಯಿಲ್ಲ. ಹೊತ್ತುಕೊಂಡು ಹೋಗಲು ಏನಿದೆ? ಬಂಡಿಕಾರನ ಅಂಗಿ ಹೀಗೆ ಮಡಿಬಟ್ಟೆಯೂ ಆಯಿತು, ಕಡೆಯ ಬಟ್ಟೆಯೂ ಆಯಿತು.

ಇಷ್ಟನ್ನು ತಿಳಿದ ಮೇಲೆ ಅದೇ ಹೆಸರಿನ ಮತ್ತೊಬ್ಬ ವಿದ್ವಾಂಸನ ಕಥೆಯನ್ನು ಹೇಳದೆ ಬಿಡುವುದು ಸರಿಯಾಗದು. ಫರ್ಡಿನಾಂಡ್ ಕಿಟ್ಟೆಲರು 1853ರಲ್ಲಿ ಭಾರತಕ್ಕೆ ಬಂದರು. ಮಂಗಳೂರು, ಮಡಿಕೇರಿ, ಧಾರವಾಡಗಳಲ್ಲಿ ಬಾಳಿದರು. ಕೇಶಿರಾಜನ ವ್ಯಾಕರಣವನ್ನೂ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿದರು. ಕೊನೆಗೆ ಜರ್ಮನಿಗೆ ಹಿಂದಿರುಗಿ ಟ್ಯೂಬಿಂಗೆನ್ ಎಂಬ ವಿದ್ಯಾನಗರದಲ್ಲಿ ನೆಲೆಸಿದರು. ಅಲ್ಲಿಯ ವಿಶ್ವವಿದ್ಯಾನಿಲಯ ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟನ್ನು ಕೊಟ್ಟಿತು. ಕನ್ನಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ವರ್ಷವೇ, 1903ರ ಡಿಸೆಂಬರಿನಲ್ಲಿ, ಅದೇ ಊರಿನಲ್ಲಿ ತೀರಿಕೊಂಡರು.

ಕಾಲು ಶತಮಾನ ಕಳೆಯುವುದರೊಳಗೆ ಅದೇ ವಿಶ್ವವಿದ್ಯಾನಿಲಯದಲ್ಲಿ ಗೆರ್ಹಾರ್ಡ್ ಕಿಟ್ಟೆಲ್ ಎಂಬುವರು ಪ್ರಾಧ್ಯಾಪಕರಾಗಿ ಬಂದರು. ಅವರ ತಂದೆ ರುಡಾಲ್ಫ್ ಕಿಟ್ಟೆಲ್ ಹೀಬ್ರೂ ಬೈಬಲಿನ ಪಾಠವನ್ನು ಶಾಸ್ತ್ರೀಯವಾಗಿ ಸಂಪಾದಿಸಿ ಲೋಕಪ್ರಸಿದ್ಧರಾದವರು. ಮಗನೂ ಶಬ್ದಗಳ ಬೆನ್ನುಹತ್ತಿದವನೇ. ಹೊಸ ಒಡಂಬಡಿಕೆಯ ಗ್ರೀಕ್ ಶಬ್ದಗಳನ್ನು ಒಂದೊಂದಾಗಿ ತೆಗೆದುಕೊಂಡು ಅವುಗಳ ಇತಿಹಾಸವನ್ನು ಬಿಡಿಸುವ ಮಹಾನಿಘಂಟಿನ ಮೊದಲನೆಯ ಸಂಪುಟವನ್ನು 1933ರಲ್ಲಿ ಹೊರತಂದರು. ಜಗತ್ತಿನ ದೇವಶಾಸ್ತ್ರದ ಶಾಲೆಗಳಲ್ಲಿ ‘ಕಿಟ್ಟೆಲ್’ ಎಂದರೆ ಆ ಗ್ರಂಥ. ಅದೇ 1933ರಲ್ಲಿ ಗೆರ್ಹಾರ್ಡ್ ಕಿಟ್ಟೆಲ್ ಹಿಟ್ಲರನ ಪಕ್ಷವನ್ನು ಸೇರಿದರು. ಯೆಹೂದ್ಯರ ಪ್ರಶ್ನೆಯನ್ನು ಕುರಿತು ಸಾರ್ವಜನಿಕ ಉಪನ್ಯಾಸ ಮಾಡಿ ಅದನ್ನು ಪುಸ್ತಕವಾಗಿಯೂ ಅಚ್ಚುಹಾಕಿಸಿದರು. ಜರ್ಮನಿಯಲ್ಲಿ ಹುಟ್ಟಿ ಬೆಳೆದ ಯೆಹೂದ್ಯರು ಆ ನಾಡಿನ ಪ್ರಜೆಗಳಾಗಿರಲು ಅರ್ಹರಲ್ಲ, ಪರದೇಶಿಗಳಂತೆ, ಅತಿಥಿಗಳಂತೆ ಇರತಕ್ಕದ್ದು ಎಂಬುದು ಅವರ ಸಲಹೆ. ಮುಂದೆ ನಾಜಿ ಸರ್ಕಾರದ ಇತಿಹಾಸ ಸಂಸ್ಥೆಗೂ ಅವರು ತಮ್ಮ ಪಾಂಡಿತ್ಯವನ್ನು ಧಾರೆಯೆರೆದರು. 1945ರಲ್ಲಿ ಫ್ರೆಂಚ್ ಸೈನ್ಯ ಅವರನ್ನು ಬಂಧಿಸಿತು, ಪೀಠವೂ ಹೋಯಿತು. 1948ರಲ್ಲಿ ಅದೇ ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು.

ತಾನು ಹೊರಗಟ್ಟಬೇಕೆಂದ ಜನರ ಹಬ್ಬದ ಅಂಗಿಯೂ ಹೆಣದ ಅಂಗಿಯೂ ತನ್ನ ಹೆಸರೇ ಎಂಬುದು ಯೆಹೂದ್ಯ ಶಾಸ್ತ್ರಗಳನ್ನು ಆಳವಾಗಿ ಓದಿದ್ದ ಆ ಮನುಷ್ಯನಿಗೆ ತಿಳಿಯದೆ ಇರಲು ಸಾಧ್ಯವಿಲ್ಲ. ಶಬ್ದದ ಚರಿತ್ರೆಯನ್ನು ಬಲ್ಲವನಿಗೆ ನೆರೆಯವನ ಸಂಕಟ ಕಾಣುತ್ತದೆಂಬ ಭರವಸೆಯೇನೂ ಇಲ್ಲವೆಂದಾಯಿತು. ಅವರ ನಿಘಂಟನ್ನು ಇಂದಿಗೂ ವಿದ್ವಾಂಸರು ಬಳಸುತ್ತಾರೆ. ಬಳಸುವಾಗ ಯಾವ ಲೇಖನವನ್ನು ಯಾರು, ಯಾವ ವರ್ಷ ಬರೆದರೆಂದು ಎಚ್ಚರದಿಂದ ನೋಡಿಕೊಳ್ಳಬೇಕಾಗಿ ಬಂದಿದೆ. ಕನ್ನಡದ ಕಿಟ್ಟೆಲರ ಬದುಕಿಗೂ ಈ ಕಥೆಗೂ ಹೆಸರು ಮತ್ತು ಊರುಗಳಷ್ಟೇ ಸಂಬಂಧ. ಪರದೇಶಿಯಾಗಿ ಬಂದವರನ್ನು ಇಲ್ಲಿಯ ಜನ ಪರದೇಶಿಯೆಂದು ದೂರವಿಟ್ಟಿದ್ದರೆ ಕನ್ನಡಕ್ಕೆ ಆ ನಿಘಂಟು ದೊರೆಯುತ್ತಿರಲಿಲ್ಲ ಎಂಬುದನ್ನು ಮಾತ್ರ ಟ್ಯೂಬಿಂಗೆನ್ನಿನ ಉಪನ್ಯಾಸದ ಪಕ್ಕದಲ್ಲಿ ಇಟ್ಟು ನೋಡಬಹುದು.

ಮೂರನೆಯ ‘ಕಿಟ್ಟೆಲ್’ ವಿಜ್ಞಾನದ ವಿದ್ಯಾರ್ಥಿಗಳದು. ಅಮೆರಿಕದ ಭೌತವಿಜ್ಞಾನಿ ಚಾರ್ಲ್ಸ್ ಕಿಟ್ಟೆಲ್ 1953ರಲ್ಲಿ ಬರೆದ ಘನವಸ್ತುಗಳ ಭೌತಶಾಸ್ತ್ರವನ್ನು ಭಾರತದ ಕಾಲೇಜುಗಳಲ್ಲಿಯೂ ತಲೆಮಾರುಗಳ ಕಾಲ ಓದಿದ್ದಾರೆ. ಒಂದೇ ವಿಶ್ವವಿದ್ಯಾನಿಲಯದ ಭಂಡಾರದಲ್ಲಿ ಮೂವರು ಬಂದು ಕಿಟ್ಟೆಲ್ ಬೇಕೆಂದರೆ ಭಂಡಾರಿಯು ಮುಖ ನೋಡಿ ಮೂರು ಬೇರೆ ಪುಸ್ತಕಗಳನ್ನು ಕೊಡಬೇಕಾದೀತು. ಅಂಗಿಯಿಂದ ಮನುಷ್ಯನಿಗೆ, ಮನುಷ್ಯನಿಂದ ಪುಸ್ತಕಕ್ಕೆ. ಲಕ್ಷಣಾರ್ಥವು ಎರಡು ಬಾರಿ ಕೆಲಸಮಾಡಿದೆ.

ಉಚ್ಚಾರಣೆಯ ವಿಷಯ ಒಂದು ಉಳಿಯಿತು. ಜರ್ಮನ್ ಬರವಣಿಗೆಯಲ್ಲಿ ಎರಡು ತಕಾರಗಳನ್ನು ಒಟ್ಟಿಗೆ ಬರೆಯುವುದು ಹಿಂದಿನ ಸ್ವರ ಹ್ರಸ್ವವೆಂದು ತಿಳಿಸುವುದಕ್ಕೆ. ಅದನ್ನು ಒತ್ತಿ ಹೇಳುವ ರೂಢಿ ಅವರಲ್ಲಿಲ್ಲ. ಕೊನೆಯ ಎಕಾರವನ್ನಂತೂ ನುಂಗಿಯೇ ಬಿಡುತ್ತಾರೆ. ಆದುದರಿಂದ ರೆಸ್ಟರ್‌ಹಾಫೆಯಲ್ಲಿ ಆ ಹೆಸರು ‘ಕಿಟ್ಲ್’ ಎಂದು ಒಂದೇ ಉಸಿರಿನಲ್ಲಿ ಮುಗಿದುಹೋಗುತ್ತದೆ. ದ್ವಿತ್ವಾಕ್ಷರವನ್ನು ತುಂಬುಬಾಯಿಯಲ್ಲಿ ಒತ್ತಿ, ಎಕಾರಕ್ಕೆ ಅದರ ಸಲ್ಲಬೇಕಾದ ಮಾತ್ರೆಯನ್ನು ಕೊಟ್ಟು, ‘ಕಿಟ್ಟೆಲ್’ ಎಂದು ಹೇಳುವುದು ಮಂಗಳೂರು ಧಾರವಾಡಗಳ ಕನ್ನಡ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿನ ವಿದ್ಯಾರ್ಥಿಗಳು ದಿನವೂ ಹಾಗೆಯೇ ಹೇಳುತ್ತಾರೆ.